ಮಂಗಳೂರಲ್ಲಿ ಬಾಡಿಗೆ ಮನೆ: ಮೊದಲು ಹೊಳೆ ನೋಡಿದೆ, ಆಮೇಲೆ ಬಾವಿ

ನಮ್ಮನೆಯವರಿಗೆ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ಹಾಗಾಗಿ ದಾವಣಗೆರೆ ಬಿಟ್ಟು ಮಂಗಳೂರಿಗೆ ಬಂದೆವು. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಗೊತ್ತಿದ್ದವರೆಲ್ಲ ಪೇಟೆಯೊಳಗಿನ ಕದ್ರಿ, ಬಿಜೈ, ದೇರೆಬೈಲು ಅಂದರು. ಒಳ್ಳೆಯ ಜಾಗಗಳೇ. ಆದರೆ ನಾನು ಮೊದಲು ನೋಡಿದ್ದು ಕೆಲಸ ಹೊಳೆಯ ಯಾವ ಕಡೆ ಇದೆ ಅಂತ.

ಮಂಗಳೂರು ಪೇಟೆಯ ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ. ಪಣಂಬೂರು, ಬೈಕಂಪಾಡಿ, ಕುಳಾಯಿ, ಸುರತ್ಕಲ್ ಎಲ್ಲ ಫಲ್ಗುಣಿಯ ಆಚೆ. ಪೇಟೆಯಿಂದ ಅಲ್ಲಿಗೆ ಹೋಗಲು ಹೆದ್ದಾರಿ 66ರಲ್ಲಿ ಕೂಳೂರು ಸೇತುವೆ ದಾಟಬೇಕು. ಬಂದರಿನ ಲಾರಿ, ಟ್ಯಾಂಕರ್, ಬಸ್ಸು, ಸ್ಕೂಟರು ಎಲ್ಲಕ್ಕೂ ಅದೇ ದಾರಿ. ಹೊಳೆಯ ಈಚೆ, ಪೇಟೆ ಕಡೆಯ ಕಾವೂರಿನಲ್ಲಿ ಒಂದು ಮನೆ ಬಹಳ ಇಷ್ಟವಾಗಿತ್ತು. ಬೆಳಿಗ್ಗೆ ಡ್ಯೂಟಿ ಹೊತ್ತಿಗೆ ಅಲ್ಲಿಂದ ಬೈಕಂಪಾಡಿಗೆ ಹೋಗಿ ನೋಡಿದೆವು. ಸೇತುವೆ ಹತ್ತಿರ ನಿಂತು ನಿಂತು ಸಾಕಾಯಿತು. ಆ ಮನೆ ಬಿಟ್ಟು ಕುಳಾಯಿ, ಹೊಸಬೆಟ್ಟು ಕಡೆ ಹುಡುಕಲು ಶುರು ಮಾಡಿದೆವು. ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೂ ಇದೇ ಮಾತು ಹೇಳುತ್ತೇನೆ. ಅವರಿಗೆ ನೇತ್ರಾವತಿಯ ಆಚೆ, ತೊಕ್ಕೊಟ್ಟು ಕಡೆಯೇ ಸಲೀಸು.

ಇನ್ನೊಂದು ವಿಷಯ ಹೆದ್ದಾರಿ. ಮನೆ ಒಂದು ಕಡೆ, ಶಾಲೆ ಇನ್ನೊಂದು ಕಡೆ ಆದರೆ ಮಕ್ಕಳು ದಿನಾ ಆ ಲಾರಿಗಳ ಮಧ್ಯೆ ರಸ್ತೆ ದಾಟಬೇಕು. ಅದಕ್ಕೇ ಶಾಲೆ ಮೊದಲು ಗೊತ್ತು ಮಾಡಿ, ಅದೇ ಕಡೆ ಮನೆ ನೋಡಿದೆ. ಇಲ್ಲಿ ಜೂನ್, ಜುಲೈನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ಕಾರ್ಖಾನೆಗೆ ರಜೆ ಇರಲ್ಲ. ಅಂಥ ದಿನ ಅಪ್ಪನೋ ಅಮ್ಮನೋ ಹತ್ತಿರದಲ್ಲಿದ್ದರೆ ಎಷ್ಟು ನೆಮ್ಮದಿ ಅಲ್ವಾ?

ಶಾಲೆ ಶುರುವಾಗುವ ಮುಂಚೆ ಬರಬೇಕು ಅಂತ ಎಲ್ಲರೂ ಏಪ್ರಿಲ್, ಮೇ ತಿಂಗಳಲ್ಲೇ ಮನೆ ಹುಡುಕುತ್ತಾರೆ. ಬಾವಿ ನೋಡಲು ಅದೇ ಸರಿಯಾದ ಸಮಯ. ಪಾಲಿಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2019 ಮತ್ತು 2023ರ ಬೇಸಿಗೆಯಲ್ಲಿ ಅಲ್ಲಿ ನೀರು ಇಳಿದು ಊರಿಗೆಲ್ಲ ರೇಷನ್ ಆಗಿತ್ತು. ಹಾಗಾಗಿ ಮನೆಗೆ ಬಾವಿ ಇರಲೇಬೇಕು ಅಂತ ನನ್ನ ಹಟ. ಸಮುದ್ರದ ಹತ್ತಿರದ ಒಂದು ಮನೆಯಲ್ಲಿ, "ಅಮ್ಮಾ, ಬೇಸಿಗೆಯಲ್ಲಿ ನೀರು ಇರುತ್ತಾ?" ಅಂತ ಕೇಳಿದೆ. "ನೀರು ಉಂಟು. ಆದ್ರೆ ಏಪ್ರಿಲ್ ನಂತರ ಸ್ವಲ್ಪ ಉಪ್ಪಾಗ್ತದೆ ಮಾರಾಯ್ರೆ" ಅಂದರು ಆ ಹಿರಿಯರು. ಅವರೇ ಒಂದು ಕೊಡಪಾನ ನೀರು ಸೇದಿ, ಕೈಗೆ ಸೋಪು ಕೊಟ್ಟರು. ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ. ಬಾಯಿಗೆ ಹಾಕಿದರೆ ಸ್ವಲ್ಪ ಉಪ್ಪುಪ್ಪು. ಕಿಟಕಿ ಸರಳುಗಳೂ ತುಕ್ಕು ಹಿಡಿದು ಪದರ ಪದರ ಏಳುತ್ತಿದ್ದವು. ಇದ್ದದ್ದು ಇದ್ದ ಹಾಗೆ ಹೇಳಿದ ಅವರ ಮೇಲೆ ನನಗೆ ಇಂದಿಗೂ ಗೌರವ.

ಆದರೆ ಮೇ ತಿಂಗಳಲ್ಲಿ ಮಳೆಗಾಲ ಕಣ್ಣಿಗೆ ಕಾಣಲ್ಲ. ಗೋಡೆ ನೋಡಿಯೇ ತಿಳಿದುಕೊಳ್ಳಬೇಕು. ಹೊಸ ಪೇಂಟ್ ಹೊಡೆದ ಮನೆಯಲ್ಲಿ ನಾನು ವಾರ್ಡ್‌ರೋಬ್ ಬಾಗಿಲು ತೆಗೆದು ಒಳಗೆ ಮೂಗಿಡುತ್ತಿದ್ದೆ. ಅಲ್ಲಿಗೆ ಯಾರೂ ಪೇಂಟ್ ಹೊಡೆಯಲ್ಲ, ಬೂಷ್ಟಿನ ವಾಸನೆ ಹಾಗೇ ಉಳಿದಿರುತ್ತೆ. ಕಾಂಪೌಂಡ್ ಗೋಡೆಯ ಬುಡದಲ್ಲಿ ಒಂದೇ ಮಟ್ಟಕ್ಕೆ ಕೆಸರಿನ ಗೆರೆ ಇದ್ದರೆ ಅಷ್ಟು ನೀರು ನಿಂತಿತ್ತು ಅಂತಲೇ ಲೆಕ್ಕ. ಗದ್ದೆಗೆ ಮಣ್ಣು ತುಂಬಿ ಕಟ್ಟಿದ ಕಡೆ ಇದು ಜಾಸ್ತಿ. ಕೊಟ್ಟಾರ ಚೌಕಿಯಂಥ ತಗ್ಗು ಜಾಗದಲ್ಲಿ ಜೋರು ಮಳೆಗೆ ರಸ್ತೆಯೇ ಮುಳುಗುತ್ತೆ. ಯಾವ ಓಣಿಗೆ ಜುಲೈನಲ್ಲಿ ರಿಕ್ಷಾ ಬರಲ್ಲ ಅಂತ ಸ್ಟ್ಯಾಂಡಿನಲ್ಲಿರುವ ರಿಕ್ಷಾದವರನ್ನು ಕೇಳಿ. ಬ್ರೋಕರ್ ಹೇಳದ್ದನ್ನೂ ಅವರು ಹೇಳುತ್ತಾರೆ.

ಕೊನೆಗೆ ಹೊಸಬೆಟ್ಟಿನಲ್ಲಿ, ಹೆದ್ದಾರಿಯ ಪೂರ್ವಕ್ಕೆ, ಸ್ವಲ್ಪ ಎತ್ತರದ ಜಾಗದಲ್ಲಿ ಮನೆ ಸಿಕ್ಕಿತು. ಬಾವಿ ನೀರು ಸಿಹಿ. ಅಗ್ರಿಮೆಂಟು ಮಾಮೂಲಿನಂತೆ 11 ತಿಂಗಳದ್ದು. ಸೋರಿದರೆ, ಬಾವಿಯ ಪಂಪ್ ಕೆಟ್ಟರೆ ರಿಪೇರಿ ಯಾರದು ಅಂತ ಅದರಲ್ಲೇ ಬರೆಸಿದೆವು. ಮನೆ ನೋಡಲು ಹೋದಾಗ ಟೆರೇಸಿಗೂ ಹತ್ತಿ, ಮೇಲೆ ಶೀಟ್ ಹಾಕಿದ್ದಾರಾ ನೋಡಿ. ಜುಲೈ ಪೂರ್ತಿ ಮನೆಮಂದಿಯ ಬಟ್ಟೆ ಒಣಗಬೇಕಲ್ವಾ.