ಹಳೆಯ ಆಟವನ್ನು ಹೊಸದರ ಜೊತೆಗಿಟ್ಟು ಆಡುವ ಬಗೆ

ಹಳೆಯ ವಿಡಿಯೊ ಗೇಮ್‌ಗಳ ಬಗ್ಗೆ ಎರಡು ಬಗೆಯ ತೀರ್ಪುಗಳು ಸುಲಭವಾಗಿ ಸಿಗುತ್ತವೆ. ಅಂದಿನ ಆಟಗಳ ಮುಂದೆ ಇಂದಿನವು ಏನೂ ಅಲ್ಲ ಎನ್ನುವುದು ಒಂದು. ಈಗ ಅವನ್ನು ಆಡುವುದೇ ಕಷ್ಟ ಎನ್ನುವುದು ಇನ್ನೊಂದು. ಇವೆರಡಕ್ಕೂ ಹೆಚ್ಚಾಗಿ ನೆನಪು ಅಥವಾ ಅವಸರವೇ ಕಾರಣ. ಹಳೆಯ ಆಟವೊಂದನ್ನು ಅದೇ ವಂಶದ ಹೊಸ ಆಟದ ಜೊತೆ ಜೋಡಿಯಾಗಿ ಆಡಿ, ಸೋತಾಗ ಪ್ರತಿಯೊಂದೂ ಆಟಗಾರನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಮೊದಲು ಗಮನಿಸಿ ಎಂಬುದು ನನ್ನ ಸಲಹೆ. ಗ್ರಾಫಿಕ್ಸ್, ಕತೆ, ಸಂಗೀತಗಳ ಚರ್ಚೆ ಆಮೇಲೆ ಬರಲಿ.

ಆರಂಭಿಸುವ ಮುನ್ನ ಪರದೆಯನ್ನು ಸರಿಪಡಿಸಿಕೊಳ್ಳಬೇಕು. ಈಗಿನ ಟಿವಿಗಳು ಚಿತ್ರವನ್ನು ತಿದ್ದಿ ತೋರಿಸಲು ತುಸು ಸಮಯ ತೆಗೆದುಕೊಳ್ಳುತ್ತವೆ. ಸಿನಿಮಾ ನೋಡುವಾಗ ತಿಳಿಯದ ಈ ವಿಳಂಬ, ಬಟನ್ ಒತ್ತಿದ ಕ್ಷಣವೇ ಜಿಗಿಯಬೇಕಾದ ಆಟದಲ್ಲಿ ನಿಮ್ಮ ಬೆರಳುಗಳ ಮೇಲೆ ನಿಮಗೇ ಅನುಮಾನ ಹುಟ್ಟಿಸುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ, ಚಿತ್ರದ ಅನುಪಾತವನ್ನು 4:3ಕ್ಕೆ ಇಡಿ. ಆವೃತ್ತಿಯನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ, ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್‌ನದನ್ನೇ ಆರಿಸಿ. ಯುರೋಪಿನ 50 ಹರ್ಟ್ಸ್ ಆವೃತ್ತಿಗಳಲ್ಲಿ ಹಲವು ನಿಧಾನವಾಗಿ ಓಡುತ್ತವೆ. ಹಳೆಯ ಆಟಗಳನ್ನು ತುಂಬಿ 2018ರಲ್ಲಿ ಸೋನಿ ಹೊರತಂದ ಪುಟ್ಟ ಯಂತ್ರ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲೂ ಕೆಲವು ಆಟಗಳು 50 ಹರ್ಟ್ಸ್‌ನವೇ ಆಗಿದ್ದವು.

ಬಳಿಕ ಆಟದ ಕೈಪಿಡಿಯನ್ನು ಹುಡುಕಿ ಓದಿ. ಆ ಕಾಲದ ಆಟಗಳು ಹೇಳಬೇಕಾದುದರಲ್ಲಿ ಅರ್ಧವನ್ನು ಕಾಗದದ ಮೇಲೆ ಹೇಳಿ ಮುಗಿಸುತ್ತಿದ್ದವು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳ ಟಿವಿಗೆ ಜೋಡಿಸುತ್ತಿದ್ದ, ಕ್ಯಾಸೆಟ್ ಹಾಕಿ ಆಡುವ ಯಂತ್ರಗಳಲ್ಲಿ ಹೆಚ್ಚಿನವು ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳಾಗಿದ್ದು, ಅವುಗಳ ಜೊತೆ ಇಂಥ ಕೈಪಿಡಿಗಳು ಬರುತ್ತಿರಲಿಲ್ಲ. ಹೀಗಾಗಿ ನಮ್ಮಲ್ಲಿ ಅನೇಕರು ಗುಂಡು ಹಾರಿಸುತ್ತ ಸಾಗುವ ‘ಕಾಂಟ್ರಾ’ ಆಟವನ್ನು ಊಹೆಯಿಂದಲೇ ಕಲಿತರು.

ಮೊದಲ ಜೋಡಿಯಾಗಿ 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಮತ್ತು 2018ರ ‘ಸೆಲೆಸ್ಟ್’ ಇರಲಿ. ಎರಡೂ ಜಿಗಿತದ ಆಟಗಳೇ. ಮಾರಿಯೊ ಜೀವಗಳೆಲ್ಲ ತೀರಿದರೆ ಆಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ (ಎ ಬಟನ್ ಹಿಡಿದು ಸ್ಟಾರ್ಟ್ ಒತ್ತಿದರೆ ಸೋತ ವರ್ಲ್ಡ್‌ನ ಆರಂಭದಿಂದ ಮುಂದುವರಿಯಬಹುದು, ಮೊದಲ ಸಲವೇ ಇದನ್ನು ಬಳಸಲು ಹಿಂಜರಿಯಬೇಡಿ). ಸೆಲೆಸ್ಟ್‌ನಲ್ಲಿ ಸತ್ತರೆ ಅದೇ ಪರದೆಯಲ್ಲಿ ಒಡನೆಯೇ ಮತ್ತೆ ನಿಲ್ಲುತ್ತೀರಿ. ಅಂಚು ದಾಟಿದ ಮೇಲೂ ಕೆಲವು ಫ್ರೇಮ್‌ಗಳ ಕಾಲ ಜಿಗಿಯಲು ಅವಕಾಶ ಕೊಡುವಷ್ಟು ಅದು ಉದಾರಿ. ಒಂದೊಂದು ಜಿಗಿತದ ಕಷ್ಟವನ್ನಷ್ಟೇ ಅಳೆದರೆ ಸೆಲೆಸ್ಟ್ ಬಹಳ ಕಠಿಣ, ಆದರೂ ಭಯ ಹುಟ್ಟಿಸುವುದು ಮಾರಿಯೊ; ಏಕೆಂದರೆ ಅಲ್ಲಿ ಕಳೆದುಕೊಳ್ಳಲು ಏನಾದರೂ ಇದೆ.

ಕಾಂಟ್ರಾ ಬಗ್ಗೆ ಇಲ್ಲೇ ಒಂದು ಮಾತು. ಮೂರರ ಬದಲು 30 ಜೀವ ಕೊಡುವ ಆ ಪ್ರಸಿದ್ಧ ಕೋಡ್ (ಗೊತ್ತಾದ ಕ್ರಮದಲ್ಲಿ ಬಟನ್‌ಗಳನ್ನು ಒತ್ತುವುದು) ಬಳಸಿದರೆ ಆಟ ಕೆಟ್ಟಿತು ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸತ್ತಾಗ ಅಲ್ಲಿ ನಿಜವಾಗಿ ನೋಯಿಸುವುದು ಹೋದ ಜೀವವಲ್ಲ, ಅದರೊಂದಿಗೆ ಹೋಗುವ, ಗುಂಡುಗಳನ್ನು ಹರಡಿ ಹಾರಿಸುವ ಎಸ್ ಬಂದೂಕು; ಎಷ್ಟು ಜೀವಗಳಿದ್ದರೂ ಆ ನಷ್ಟ ಹಾಗೆಯೇ ಉಳಿಯುತ್ತದೆ.

ಈ ವಿಧಾನಕ್ಕೆ ಅತ್ಯುತ್ತಮ ಪಾಠವೆಂದರೆ ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ರೂಪಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’. ತಮ್ಮನ ಓಟ, ನೆಗೆತಗಳನ್ನು ವಿಡಿಯೊದಲ್ಲಿ ಹಿಡಿದು, ಅದರ ಮೇಲೆ ಅವರು ಪಾತ್ರದ ಚಲನೆಯನ್ನು ಕಟ್ಟಿದರು. ಆದ್ದರಿಂದ ರಾಜಕುಮಾರನಿಗೆ ಮನುಷ್ಯರಂತೆ ಓಡಲು ವೇಗ ಕೂಡಬೇಕು, ನಿಲ್ಲಲು ಜಾಗ ಬೇಕು. ಇದನ್ನು ಮಂದಗತಿಯೆಂದು ದೂರುವವರು ಮಾರಿಯೊಗೆ ಪಳಗಿದ ಬೆರಳುಗಳನ್ನೇ ಇಲ್ಲಿಗೂ ತಂದಿರುತ್ತಾರೆ. ಹಳೆಯ ಪಿಸಿಗಳ ಡಾಸ್ ಆವೃತ್ತಿಯಲ್ಲಿ ಶಿಫ್ಟ್ ಕೀ ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ಅಂಚಿನವರೆಗೆ ಹೋಗುವುದನ್ನು, ಬೀಳುವಾಗ ಅದೇ ಕೀಯಿಂದ ಅಂಚನ್ನು ಹಿಡಿಯುವುದನ್ನು ಮೊದಲು ಅಭ್ಯಾಸ ಮಾಡಿ. ಹೊಸ ಕೋಣೆಯಲ್ಲಿ ನಿಂತಲ್ಲೇ ಒಮ್ಮೆ ಮೇಲಕ್ಕೆ ಜಿಗಿದರೆ ಸಡಿಲವಾದ ಹಾಸುಗಲ್ಲುಗಳು ಅಲುಗಾಡಿ ತಮ್ಮ ಗುಟ್ಟು ಬಿಟ್ಟುಕೊಡುತ್ತವೆ. ಮೊದಲ ಹಂತದಲ್ಲಿ ಕತ್ತಿ ಸಿಗುವ ತನಕ ಕಾವಲುಗಾರನ ಹತ್ತಿರ ಸುಳಿಯಬೇಡಿ.

ಇಲ್ಲಿ ಎಷ್ಟು ಸಲ ಬೇಕಾದರೂ ಸಾಯಬಹುದು. ಆದರೆ ಇಡೀ ಆಟಕ್ಕೆ ಇರುವುದು 60 ನಿಮಿಷ, ಮತ್ತು ಸತ್ತು ಹಂತದ ಆರಂಭಕ್ಕೆ ಮರಳಿದಾಗ ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ. ಆಟ ಕಿತ್ತುಕೊಳ್ಳುವುದು ಕಾಲವನ್ನು ಮಾತ್ರ. ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ, ಆಟದ ಯಾವ ಕ್ಷಣವನ್ನಾದರೂ ಉಳಿಸಿಡುವ ಸೇವ್ ಸ್ಟೇಟ್ ಬಳಸಿ ಪ್ರತಿ ನೆಗೆತಕ್ಕೂ ಹಿಂದಿರುಗಿದರೆ ಗಡಿಯಾರವೂ ಹಿಂದಿರುಗುತ್ತದೆ. ಆಗ ಉಳಿಯುವುದು ಚಂದದ ಅನಿಮೇಷನ್ ಮಾತ್ರ. ಇದರ ಜೊತೆ 2003ರ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಆಡಿ ನೋಡಿ. ಅಲ್ಲಿ ಕಠಾರಿಯ ಬಲದಿಂದ ಕಾಲವನ್ನು ಹಿಂದಕ್ಕೆ ತಿರುಗಿಸುವುದೇ ಆಟದ ನಿಯಮ, ಆದರೆ ಅದಕ್ಕೆ ಬೇಕಾದ ಮರಳು ಮಿತವಾಗಿದೆ. ಸೇವ್ ಸ್ಟೇಟ್ ಪುಕ್ಕಟೆಯಾಗಿ ಕೊಡುವುದನ್ನೇ ಈ ಆಟ ಬೆಲೆ ಕಟ್ಟಿ ಕೊಟ್ಟು, ಅದರಿಂದಲೇ ಹೊಸ ರುಚಿ ಹುಟ್ಟಿಸಿತು. ಕಾದಾಟಗಳು ಮಾತ್ರ ಬೇಸರ ಬರುವಷ್ಟು ಉದ್ದ.

‘ಸೂಪರ್ ಮೆಟ್ರಾಯ್ಡ್’ (1994) ಹಾಗೂ ‘ಹಾಲೋ ನೈಟ್’ (2017) ದೊಡ್ಡ ಜಗತ್ತೊಂದರಲ್ಲಿ ದಾರಿ ಹುಡುಕುತ್ತ ಸಾಗುವ ಆಟಗಳು; ಈ ಜೋಡಿಗೆ ಬಿಡುವು ಹೆಚ್ಚು ಬೇಕು. ಹಾಲೋ ನೈಟ್‌ನಲ್ಲಿ ಸತ್ತರೆ ಕೂಡಿಟ್ಟ ಹಣ ಸತ್ತ ಜಾಗದಲ್ಲೇ ನೆರಳೊಂದರ ವಶದಲ್ಲಿ ಉಳಿಯುತ್ತದೆ. ನಕ್ಷೆಯನ್ನೂ ಹಣ ಕೊಟ್ಟೇ ಪಡೆಯಬೇಕೆಂಬುದು ನನಗೆ ಮೆಚ್ಚುಗೆಯಾದ ಏರ್ಪಾಡು, ಏಕೆಂದರೆ ದಾರಿ ತಪ್ಪುವುದಕ್ಕೂ ಅದರಿಂದ ಅರ್ಥ ಬರುತ್ತದೆ. ಬಾಸ್ ಎನ್ನುವ ದೊಡ್ಡ ಶತ್ರುವಿಗೆ ಸೋತು ಪ್ರತಿ ಸಲವೂ ಅದೇ ದಾರಿ ತುಳಿಯುವುದು ಮಾತ್ರ ವ್ಯರ್ಥ. ಈ ವಿಷಯದಲ್ಲಿ ಮೆಟ್ರಾಯ್ಡ್ ಹೆಚ್ಚು ಮಿತವ್ಯಯಿ.

ಸೇವ್ ಸ್ಟೇಟ್, ರಿವೈಂಡ್‌ಗಳನ್ನು ಪೂರ್ತಿ ದೂರವಿಡಬೇಕೆಂದು ನಾನು ಹೇಳುವುದಿಲ್ಲ. ಆಟದ ಮೂಲ ನಿಯಮದಲ್ಲಿ ಕೆಲವು ಸಂಜೆಗಳನ್ನು ಕಳೆಯಿರಿ. ಬಳಿಕ ಎಲ್ಲಿ ಸಿಕ್ಕಿಕೊಂಡಿದ್ದೀರೋ ಆ ಒಂದು ಭಾಗವನ್ನು ಸೇವ್ ಸ್ಟೇಟ್ ಇಟ್ಟು ಅಭ್ಯಾಸ ಮಾಡಿ, ಕೈಗೆ ಬಂದ ಮೇಲೆ ಅದನ್ನು ಅಳಿಸಿ, ಹಂತದ ಆರಂಭದಿಂದ ಮತ್ತೆ ಆಡಿ. ಕೆಲಸದ ನಡುವೆ ಆಟವನ್ನು ಅರ್ಧಕ್ಕೆ ನಿಲ್ಲಿಸಬೇಕಾದಾಗ ಇಡುವ ಸೇವ್ ಸ್ಟೇಟ್‌ಗೆ ಯಾವ ಆಕ್ಷೇಪವೂ ಇಲ್ಲ.