ಏಡಿ ಕೆಂಪಾದರೆ ಸಾಲದು, ಬೇಯಬೇಕು

ಜುಲೈ ಮಳೆ ಹಿಡಿದರೆ ತೀರ್ಥಹಳ್ಳಿ ಕಡೆಯ ನಮ್ಮಂಥ ಊರುಗಳಲ್ಲಿ ಹಳ್ಳ ದಾಟುವ ಸಂಕ ಮುಳುಗುತ್ತದೆ, ದಾರಿಗೆ ಮರ ಬೀಳುತ್ತದೆ, ಕರೆಂಟೂ ಹೋಗುತ್ತದೆ. ಪೇಟೆಯಿಂದ ಏನೂ ಬರುವುದಿಲ್ಲ. ಆಗ ಕೈಗೆ ಸಿಗುವುದು ಗದ್ದೆಯ ಏಡಿ. ಮೊಲ, ಕಾಡುಕೋಳಿ, ಉಡದ ಯೋಚನೆ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವುಗಳ ಬೇಟೆ ಅಪರಾಧ. ಅಭಯಾರಣ್ಯದ ಒಳಗೆ ಏಡಿಯನ್ನೂ ಹಿಡಿಯಬೇಡಿ.

ಗದ್ದೆ ಅಂಚಿನ ಮಾಟೆಗೆ ಕೈ ಹಾಕಬೇಡಿ, ಹಾವು ಇರಬಹುದು. ರಾತ್ರಿ ಟಾರ್ಚ್ ಬಿಟ್ಟರೆ ಹೊರಗೇ ಸಿಗುತ್ತವೆ. ಔಷಧಿ ಹೊಡೆದ ಗದ್ದೆಯ ಏಡಿ ಬೇಡ, ಎಷ್ಟು ಬೇಯಿಸಿದರೂ ಆ ವಿಷ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಮಗುಚಿ ನೋಡಿ, ಹೊಟ್ಟೆಗೆ ಮಡಚಿಕೊಂಡಿರುವ ಪಟ್ಟಿ ಅಗಲವಾಗಿದ್ದರೆ ಹೆಣ್ಣು. ಅದರಡಿ ಮೊಟ್ಟೆ, ಮರಿ ಕಂಡರೆ ದಯವಿಟ್ಟು ಬಿಟ್ಟುಬಿಡಿ. ಹಿಡಿದದ್ದನ್ನು ಒದ್ದೆ ಗೋಣಿಚೀಲದಲ್ಲಿಡಿ. ಬಕೆಟ್ ತುಂಬ ನೀರಲ್ಲಿಟ್ಟರೆ ಉಸಿರುಗಟ್ಟಿ ಸಾಯುತ್ತವೆ, ಸತ್ತ ಏಡಿ ಬೇಗ ಕೆಡುತ್ತದೆ. ಅಡುಗೆಗೆ ಕೂರುವ ಹೊತ್ತಿಗೆ ಕಾಲಾಡಿಸದ ಏಡಿ ಇದ್ದರೆ ಎಸೆಯಿರಿ.

ಜೀವ ಇರುವಾಗಲೇ ಕಾಲು ಕೀಳುವುದು ನನಗೆ ನೋಡಲಾಗುವುದಿಲ್ಲ. ಹೊಟ್ಟೆಯ ಪಟ್ಟಿ ಎತ್ತಿ, ಅದರಡಿ ಚೂಪು ಚಾಕುವನ್ನು ಒಂದೇ ಸಲಕ್ಕೆ ಆಳವಾಗಿ ಇಳಿಸಿ. ಆಮೇಲೆ ಮೇಲಿನ ಚಿಪ್ಪು ಬಿಡಿಸಿ, ಎರಡೂ ಬದಿಯ ಕಿವಿರು ಮತ್ತು ಬಾಯಿಯ ಹಿಂದಿನ ಚೀಲ ಕಿತ್ತು ಹಾಕಿ. ಕೆಸರೆಲ್ಲ ಅಲ್ಲೇ ಸೇರಿರುತ್ತದೆ.

ಈಗ ಮುಖ್ಯ ವಿಷಯ. ಸಿಹಿನೀರಿನ ಏಡಿಯೊಳಗೆ ಶ್ವಾಸಕೋಶಕ್ಕೆ ಹೋಗಿ ಕೂರುವ ಹುಳದ ಮರಿ ಇರಬಹುದು. ಮಣಿಪುರ, ನಾಗಾಲ್ಯಾಂಡ್ ಕಡೆ ಹಸಿ, ಅರೆಬೆಂದ ಏಡಿ ತಿಂದವರಲ್ಲಿ ಈ ಕಾಯಿಲೆ ಕಂಡಿದೆ. ಬಿಸಿ ತಾಗಿದ ಕೂಡಲೇ ಚಿಪ್ಪು ಕೆಂಪಾಗುತ್ತದೆ, ಒಳಗೆ ಹಸಿಯೇ ಇರುತ್ತದೆ. ಮಕ್ಕಳು ಕೆಂಡದಲ್ಲಿ ಸುಟ್ಟು ತಿನ್ನುವಾಗ ಮೋಸ ಹೋಗುವುದು ಇಲ್ಲೇ. ಅದಕ್ಕೇ ನಾನು ಸುಡುವುದಿಲ್ಲ, ಕುದಿಸುತ್ತೇನೆ. ಕಚ್ಚುವ ದೊಡ್ಡ ಕಾಲುಗಳನ್ನು ಮೊದಲೇ ಜಜ್ಜಿ. ಮುಳುಗುವಷ್ಟು ನೀರು, ಉಪ್ಪು, ಅರಿಶಿನ, ಹಸಿಮೆಣಸು, ಬೆಳ್ಳುಳ್ಳಿ ಹಾಕಿ. ಕೊತಕೊತ ಕುದಿ ಬಂದ ಮೇಲೆ 20 ನಿಮಿಷ ಬೇಯಿಸಿ. ಅತಿ ದಪ್ಪ ಕಾಲನ್ನು ಒಡೆದು ನೋಡಿ. ಮಾಂಸ ಪೂರ್ತಿ ಬೆಳ್ಳಗಾಗಿ ಚಿಪ್ಪಿನಿಂದ ಸಲೀಸಾಗಿ ಬಿಟ್ಟುಕೊಂಡರೆ ಸರಿ. ಗಾಜಿನ ಹಾಗೆ ಹೊಳೆದರೆ ಇನ್ನೂ ಕುದಿಸಿ. ಕಾಯಿ ಮಸಾಲೆ, ವಾಟೆಹುಳಿ ಇದ್ದರೆ ಕೊನೆಗೆ ಹಾಕಿ.

ಸಣ್ಣ ಏಡಿ ಜಜ್ಜಿ ಸೋಸಿ ಸಾರು ಮಾಡುವವರು ಜಾಸ್ತಿ ಎಚ್ಚರ ವಹಿಸಿ. ಆ ಹಸಿ ರಸದಲ್ಲೂ ಹುಳ ಇರಬಹುದು. ಹಸಿ ಏಡಿ ಮುಟ್ಟಿದ ಕೈ, ಚಾಕು, ಒರಳು ಎಲ್ಲ ಸೋಪು ಹಾಕಿ ತೊಳೆಯದೆ ರೊಟ್ಟಿ ಹಿಟ್ಟಿಗೆ ಕೈ ಹಾಕಬೇಡಿ.

ಸೀಗಡಿ, ಏಡಿ ಮೈಗೆ ಆಗದವರು ಈ ಸಾರನ್ನೂ ಮುಟ್ಟಬಾರದು. ಫ್ರಿಜ್ ನಡೆಯದ ದಿನಗಳಲ್ಲಿ ಆ ಹೊತ್ತಿಗೆ ಬೇಕಾದಷ್ಟೇ ಮಾಡಿ. ತಿಂದು ವಾರಗಳಾದ ಮೇಲೆ ಕೆಮ್ಮು ಬಿಡದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಏಡಿ ತಿಂದ ವಿಷಯ ಡಾಕ್ಟರಿಗೆ ಹೇಳಿ. ಹುಳದ ಈ ಕಾಯಿಲೆ ನೋಡಲು ಕ್ಷಯದ ಹಾಗೇ ಇರುತ್ತದೆ, ಔಷಧಿ ಮಾತ್ರ ಬೇರೆ.