ತೂಕದ ಆಪರೇಷನ್ ಆಯ್ತು, ಇನ್ನು ಊಟ ಹೇಗೆ?

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಊಟ ತಿಂಡಿಯ ಸಲಹೆ ಕೊಡುವುದು ನನ್ನ ಕೆಲಸ. ಮೊದಲ ಎರಡು ವಾರ ಯಾರೂ ಅಷ್ಟಾಗಿ ತಪ್ಪುವುದಿಲ್ಲ. ನೋವಿರುತ್ತದೆ, ಭಯವಿರುತ್ತದೆ, ಆಸ್ಪತ್ರೆಯ ಚೀಟಿ ಫ್ರಿಜ್ ಮೇಲೆ ಅಂಟಿಸಿರುತ್ತಾರೆ. ಎಡವಟ್ಟಾಗುವುದು ತಿಂಗಳ ಆಸುಪಾಸಿನಲ್ಲಿ, ಮತ್ತೆ ತಟ್ಟೆಯ ಮುಂದೆ ಕೂರುವಾಗ.

ಒಳಗೆ ಏನು ಬದಲಾಗಿದೆ ಅಂತ ಮೊದಲು ತಿಳಿದುಕೊಳ್ಳಿ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲು ತೆಗೆದು ಸಣ್ಣ ಕೊಳವೆ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಜಾಗ ಕಮ್ಮಿ. ಆ ಜಾಗದಲ್ಲಿ ಏನನ್ನು ಮೊದಲು ಕೂರಿಸುತ್ತೀರಿ ಅನ್ನುವುದೇ ಮುಖ್ಯ.

ಮೊದಲ ಹಂತ, ನೀರು ನೀರಾದದ್ದು. ಬೇಳೆ ಕಟ್ಟು, ತೆಳು ಮಜ್ಜಿಗೆ, ಆಮೇಲೆ ಹಾಲು. ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು, ನಿಧಾನವಾಗಿ ದಿನಕ್ಕೆ ಒಂದೂವರೆ ಲೀಟರಿಗೆ ಬರಬೇಕು.

ಎರಡನೇ ಹಂತ, ರುಬ್ಬಿದ್ದು. ಹೆಸರುಬೇಳೆ ತೊವ್ವೆ, ಬಸಿದ ಮೊಸರು, ನುಣ್ಣಗೆ ಮಾಡಿದ ಪನೀರ್ ಅಥವಾ ಮೊಟ್ಟೆ. ನಿಮ್ಮ ಆಸ್ಪತ್ರೆ ಎಷ್ಟು ವಾರ ಅಂತ ಹೇಳಿದೆಯೋ ಅಷ್ಟು ವಾರ. ಪಕ್ಕದ ಮನೆಯವರ ಲೆಕ್ಕ ಬೇಡ.

ಮೂರನೇ ಹಂತ, ಮೆತ್ತಗಿನ ಊಟ. ಜನ ಸೋಲುವುದು ಇಲ್ಲೇ. "ಅನ್ನ ತಿಂದ್ರೆ ಎದೆಯಲ್ಲೇ ನಿಲ್ಲುತ್ತೆ ಮೇಡಂ" ಅಂತ ಬರುತ್ತಾರೆ. ಹೇಗೆ ತಿಂದಿರಿ ಅಂತ ಕೇಳಿದರೆ ಕಥೆ ಒಂದೇ. ಬಿಸಿ ಅನ್ನಕ್ಕೆ ಸಾರು ಹಾಕಿ, ಕಲಸಿ, ಟಿವಿ ನೋಡುತ್ತಾ ಐದು ನಿಮಿಷದಲ್ಲಿ ಮುಗಿಸಿ, ಮೇಲೆ ಒಂದು ಲೋಟ ನೀರು.

ಹೀಗೆ ಮಾಡಿ. ಸಣ್ಣ ಬಟ್ಟಲು ತೆಗೆದುಕೊಳ್ಳಿ, ಚಹಾ ಚಮಚ ಇಟ್ಟುಕೊಳ್ಳಿ. ಮೊದಲ ತುತ್ತು ಮೊಟ್ಟೆ, ಪನೀರ್, ಮೀನು ಅಥವಾ ಗಟ್ಟಿ ತೊವ್ವೆ. ತುತ್ತು ಕಡಲೆಕಾಳಿಗಿಂತ ದೊಡ್ಡದಾಗಬಾರದು. ಇಪ್ಪತ್ತು, ಇಪ್ಪತ್ತೈದು ಸಲ ಅಗಿಯಿರಿ. ಬಾಯಲ್ಲಿ ಪೂರ್ತಿ ಗಂಜಿಯಾದ ಮೇಲೆ ನುಂಗಿ, ಚಮಚ ಕೆಳಗಿಡಿ. ನಿಜವಾಗಿಯೂ ಕೆಳಗಿಡಿ. ಕೈಯಲ್ಲಿದ್ದರೆ ಮುಂದಿನ ತುತ್ತು ತಾನಾಗಿಯೇ ಬರುತ್ತದೆ. ಒಂದು ನಿಮಿಷ ಸುಮ್ನೆ ಕೂತು ಆಮೇಲೆ ಮುಂದಿನದು. ಆಮೇಲೆ ತರಕಾರಿ. ಅನ್ನ ಕೊನೆಗೆ, ಜಾಗ ಉಳಿದರೆ ಮಾತ್ರ. ಬಟ್ಟಲು ಮುಗಿಯಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯಬೇಕು.

ಹೊಟ್ಟೆ ತುಂಬಿದ್ದು ಮೊದಲಿನ ಹಾಗೆ ತಿಳಿಯುವುದಿಲ್ಲ. ಬಿಕ್ಕಳಿಕೆ ಬರಬಹುದು, ಮೂಗು ಸೋರಬಹುದು, ಎದೆಗೂಡಿನ ಕೆಳಗೆ ಒತ್ತಿದ ಹಾಗಾಗಬಹುದು. ಅಲ್ಲಿಗೇ ನಿಲ್ಲಿಸಿ. "ಇನ್ನೊಂದೇ ತುತ್ತು, ಚೆಲ್ಲೋದ್ಯಾಕೆ" ಅಂತ ಹಾಕಿಕೊಂಡರೆ ಬಾಯಿ ತುಂಬ ನೊರೆ ನೊರೆ ಎಂಜಲು ಬಂದು ತಿಂದದ್ದೆಲ್ಲ ಹೊರಗೆ ಬರುತ್ತದೆ. ಮನೆಯವರು ದಯವಿಟ್ಟು ಬಡಿಸುವಾಗ ಒತ್ತಾಯ ಮಾಡಬೇಡಿ. ಮದುವೆ ಮನೆಯಲ್ಲಂತೂ ಜೊತೆಗಿದ್ದವರೇ ಬೇಡ ಅಂತ ಹೇಳಿಬಿಡಬೇಕು.

ಊಟದ ಜೊತೆ ನೀರು ಬೇಡ. ಊಟ ಮುಗಿದು ಅರ್ಧ ಗಂಟೆಯಾದ ಮೇಲೆ ಕುಡಿಯಿರಿ. ನೀರು ನೀರಾಗಿ ಕಲಸಿದ ಸಾರನ್ನವೂ ಇದೇ ಲೆಕ್ಕಕ್ಕೆ ಬರುತ್ತದೆ. ಸರ್ರನೆ ಇಳಿಯುತ್ತದೆ, ಬೇಗ ಖಾಲಿಯಾಗುತ್ತದೆ, ಗಂಟೆಯೊಳಗೆ ಮತ್ತೆ ಹಸಿವು. ಅದರಲ್ಲಿ ಪ್ರೋಟೀನ್ ತೀರಾ ಕಮ್ಮಿ.

ಮುದ್ದೆ ಬಗ್ಗೆ ಮಂಡ್ಯ, ಹಾಸನದ ಕಡೆಯವರೆಲ್ಲ ಕೇಳುತ್ತಾರೆ. ರಾಗಿಯಲ್ಲಿ ದೋಷವಿಲ್ಲ. ಆದರೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಈಗಿನ ಹೊಟ್ಟೆಗೆ ಅದು ಆಗದ ಮಾತು. ನನ್ನ ಪ್ರಕಾರ ಮೊದಲ ಆರು ತಿಂಗಳು ಮುದ್ದೆ ಬಿಟ್ಟೇಬಿಡಿ, ಮಜ್ಜಿಗೆ ಹಾಕಿದ ಅಂಬಲಿ ಕುಡಿಯಿರಿ. ಬಿಸಿ ಚಪಾತಿ, ಮೆತ್ತನೆ ಬ್ರೆಡ್, ಅಂಟಂಟಾದ ಉಪ್ಪಿಟ್ಟು ಕೂಡ ಉಂಡೆಕಟ್ಟಿ ನಿಲ್ಲುತ್ತವೆ.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ 6, ಕಾಲು ಲೀಟರ್ ಹಾಲಿನಲ್ಲಿ 8, ನೂರು ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ. ಮೊದಮೊದಲು ಊಟದಲ್ಲೇ ಇಷ್ಟು ಮುಟ್ಟುವುದು ಕಷ್ಟ, ಪೌಡರ್ ಬೇಕಾಗುತ್ತದೆ. ಡಬ್ಬ ತಿರುಗಿಸಿ ಹಿಂದೆ ಓದಿ. ಸಕ್ಕರೆ ಮೊದಲ ಮೂರು ಹೆಸರಿನೊಳಗೆ ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಮಕ್ಕಳಿಗೆ ಹಾಲಿಗೆ ಹಾಕುವ ಹೆಲ್ತ್ ಡ್ರಿಂಕ್ ಪುಡಿ ಇದಕ್ಕೆ ಬದಲಿಯಲ್ಲ.

ಚಹಾದಲ್ಲಿ ಅದ್ದಿದ ಬಿಸ್ಕತ್ತು, ರಸ್ಕ್, ಚಿಪ್ಸ್, ಮಿಕ್ಸ್‌ಚರ್ ಎಲ್ಲೂ ಸಿಕ್ಕಿಕೊಳ್ಳದೆ ಇಳಿಯುತ್ತವೆ. ಅದಕ್ಕೇ ಅವು ಅಪಾಯ. ಎರಡನೇ ವರ್ಷ ತೂಕ ಮತ್ತೆ ಏರಿದೆ ಅಂತ ಬರುವವರು ತಿಂದದ್ದನ್ನು ಬರೆದಿಟ್ಟ ಡೈರಿ ತೆಗೆದರೆ ನನಗೆ ಜಾಸ್ತಿ ಕಾಣುವುದು ಇವೇ. ಬೈಪಾಸ್ ಆದವರು ಜಾಮೂನು, ಜ್ಯೂಸ್ ತೆಗೆದುಕೊಂಡರೆ ಸಕ್ಕರೆ ಒಮ್ಮೆಲೇ ಕರುಳಿಗೆ ಬಿದ್ದು ಬೆವರು, ಎದೆಬಡಿತ, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ.

ಮಾತ್ರೆ. ಜೀವನಪೂರ್ತಿ. ತೂಕ ಇಳಿದು ಚೆನ್ನಾಗಿದ್ದೇನೆ ಅಂತ ನಿಲ್ಲಿಸಬೇಡಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಊಟದಿಂದ ಸಾಲುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಬಿಡಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾ ಜೊತೆ ನುಂಗಬೇಡಿ. ಜೆಲ್ಲಿಯ ಹಾಗಿರುವ ವಿಟಮಿನ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಬಹಳಷ್ಟರಲ್ಲಿ ಕಬ್ಬಿಣವೇ ಇರುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳ ಪ್ರಮಾಣವನ್ನು ಡಾಕ್ಟರ್ ಹತ್ತಿರ ಮತ್ತೆ ನೋಡಿಸಿ.

ವಾಂತಿ ಬಿಡದೆ ಒಂದೆರಡು ದಿನ ಆಗುತ್ತಿದ್ದರೆ ಮನೆಮದ್ದು ಬೇಡ, ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ವಾಂತಿಯಿಂದ ಬಿ1 ವಿಟಮಿನ್ ಬೇಗ ಕರಗುತ್ತದೆ, ನರಗಳಿಗೆ, ಮೆದುಳಿಗೆ ಏಟು ಬೀಳುತ್ತದೆ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಡ್ರಿಪ್ ಹಾಕಲು ಬಂದರೆ, ನಿಮಗೆ ಈ ಆಪರೇಷನ್ ಆಗಿದೆ, ಮೊದಲು ಬಿ1 ಇಂಜೆಕ್ಷನ್ ಬೇಕಾಗಬಹುದು ಅಂತ ಬಾಯಿಬಿಟ್ಟು ಹೇಳಿ.